ನಾಲ್ಕರ ಮಗ್ಗಿ ಮತ್ತು ಏಡಿಯ ಬಿಲ: ದಾವಣಗೆರೆಯಿಂದ ಬೆಂಗ್ರೆಗೆ ಹೋದ ಒಂದು ಕ್ಷೇತ್ರ ಅಧ್ಯಯನದ ಪ್ರಕರಣ

ಮೊದಲ ದಿನದ ಟಿಪ್ಪಣಿ ಪುಸ್ತಕವೊಂದರಲ್ಲಿ ಹೀಗೆ ಬರೆದಿದೆ: ‘ಚೌಕ 6. ಹಿನ್ನೀರಿನ ಬದಿ, ಕೆಸರು. ಸಸಿಗಳು: 140. ಎಲೆ ಇಲ್ಲ.’ ಒಂದು ಚದರ ಮೀಟರಿನಲ್ಲಿ ನೂರ ನಲವತ್ತು ಸಸಿ, ಒಂದಕ್ಕೂ ಎಲೆಯಿಲ್ಲ. ಬರೆದ ಹುಡುಗನಿಗೆ ಅದರಲ್ಲಿ ಏನೂ ವಿಚಿತ್ರ ಕಂಡಿರಲಿಲ್ಲ. ಸಂಜೆ ಅದನ್ನು ಓದಿದಾಗ ನನಗೆ ನಗು ಬಂತು. ರಾತ್ರಿ ಇನ್ನೊಂದು ತಂಡದ ಪುಸ್ತಕ ಓದಿದಾಗ ಆ ನಗು ನಿಂತುಹೋಯಿತು. ಈ ಬರಹಕ್ಕೆ ಕಾರಣ ಆ ಎರಡನೆಯ ಪುಸ್ತಕ.

ಹಿನ್ನೆಲೆ

ದಾವಣಗೆರೆಯ ಒಂದು ಪದವಿ ಕಾಲೇಜು. ಅಂತಿಮ ವರ್ಷದ ಬಿ.ಎಸ್ಸಿ.ಯ 22 ವಿದ್ಯಾರ್ಥಿಗಳು, ಇಬ್ಬರು ಉಪನ್ಯಾಸಕರು: ಪ್ರಾಣಿಶಾಸ್ತ್ರದ ನಾನು, ಸಸ್ಯಶಾಸ್ತ್ರದ ಮೇಡಂ. ಕಾಲೇಜಿನ ಹೆಸರನ್ನು ಬಿಟ್ಟಿದ್ದೇನೆ. ವಿದ್ಯಾರ್ಥಿಗಳನ್ನು ಅವರ ಊರಿನಿಂದ ಗುರುತಿಸಿದ್ದೇನೆ, ಆ ಊರುಗಳನ್ನೂ ಅದಲುಬದಲು ಮಾಡಿದ್ದೇನೆ. ನಾವು ಹೋದ ಜಾಗ ಉಡುಪಿ ಜಿಲ್ಲೆಯಲ್ಲಿದೆ ಎಂದಷ್ಟೇ ಹೇಳುತ್ತೇನೆ. ರಜಾದಿನಗಳಲ್ಲಿ ಅಲ್ಲಿಗೆ ಬರುವ ಕಾರುಗಳು ಈಗಿರುವಷ್ಟೇ ಸಾಕು.

ಪಠ್ಯದಲ್ಲಿ ‘ಬ್ಯಾರಿಯರ್ ಐಲ್ಯಾಂಡ್’ ಎಂಬ ಒಂದು ಘಟಕವಿದೆ. ನಾವು ಅದನ್ನು ತಡೆದ್ವೀಪ ಎಂದು ಕರೆದುಕೊಂಡೆವು. ಕರಾವಳಿಗೆ ಸಮಾನಾಂತರವಾಗಿ ಉದ್ದಕ್ಕೆ ಬಿದ್ದುಕೊಂಡ ಮರಳಿನ ದಿಬ್ಬ ಅದು. ಒಂದು ಮಗ್ಗುಲಲ್ಲಿ ತೆರೆದ ಕಡಲು, ಇನ್ನೊಂದು ಮಗ್ಗುಲಲ್ಲಿ ಅಲೆಯಿಲ್ಲದ ಹಿನ್ನೀರು. ರಾಕೆಟ್ ಹಾರಿಸುವ ಶ್ರೀಹರಿಕೋಟಾ ಅಂಥದ್ದೇ ದ್ವೀಪ. ಪುಲಿಕಾಟ್ ಸರೋವರಕ್ಕೂ ಬಂಗಾಳ ಕೊಲ್ಲಿಗೂ ನಡುವೆ ಅಡ್ಡಲಾಗಿ ಮಲಗಿದೆ. ಟಿ.ವಿ.ಯಲ್ಲಿ ಎಲ್ಲರೂ ನೋಡಿದ ಜಾಗವಾದ್ದರಿಂದ ತರಗತಿಯಲ್ಲಿ ಈ ಉದಾಹರಣೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅಲ್ಲಿಗೆ 22 ಮಕ್ಕಳನ್ನು ಕರೆದುಕೊಂಡು ಹೋಗಿ ಮರಳಿನಲ್ಲಿ ಗೂಟ ಹೊಡೆಯುವುದು ಆಗುವ ಮಾತಲ್ಲ.

ಹತ್ತಿರದಲ್ಲಿ ಏನಿದೆ ಎಂದು ಹುಡುಕಿದಾಗ ಮಕ್ಕಳು ಒಕ್ಕೊರಲಿನಿಂದ ಹೇಳಿದ್ದು ಮಲ್ಪೆಯ ಸೇಂಟ್ ಮೇರೀಸ್. ದ್ವೀಪ, ದೋಣಿ, ಫೋಟೊ, ಎಲ್ಲವೂ ಸಿಗುತ್ತದೆ. ಪ್ರಾಂಶುಪಾಲರೂ ಒಪ್ಪಿದ್ದರು. ಬೇಡ ಎಂದವರು ಮೇಡಂ. ‘ಅದು ಬೆಂಕಿ ಕಟ್ಟಿದ ದ್ವೀಪ, ನಮಗೆ ಬೇಕಾದದ್ದು ನೀರು ಕಟ್ಟಿದ್ದು’ ಎಂದರು. ಸರಿಯಾದ ಮಾತು. ಸೇಂಟ್ ಮೇರೀಸ್ ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿ ಶಿಲೆ. ಅದರ ಕಂಬ ಕಂಬದಂಥ ಬಂಡೆ ಈ ವರ್ಷ ಇದ್ದಲ್ಲೇ ಮುಂದಿನ ವರ್ಷವೂ ಇರುತ್ತದೆ. ತಡೆದ್ವೀಪದ ಮರಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ, ಅದರ ಮೇಲಿನ ಗಿಡ ಮತ್ತು ಪ್ರಾಣಿಗಳ ಬದುಕೆಲ್ಲ ಆ ಅಲುಗಾಟಕ್ಕೆ ಹೊಂದಿಕೊಂಡದ್ದು. (ಜ್ವಾಲಾಮುಖಿಯನ್ನೇ ನೋಡಬೇಕೆಂದರೆ ಕಡಲಿನವರೆಗೆ ಹೋಗಬೇಕಾಗಿಯೂ ಇಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬು ಲಾವಾ ಇದೆ. ನೀರಿನಡಿಯಲ್ಲಿ ಉಕ್ಕಿದ ಲಾವಾ ಮಾತ್ರ ಹಾಗೆ ದಿಂಬಿನಾಕಾರಕ್ಕೆ ಗಟ್ಟಿಯಾಗುತ್ತದೆ. ನಮ್ಮ ಬಯಲುಸೀಮೆಯವರ ಕಾಲಡಿಯಲ್ಲೂ ಒಂದು ಕಾಲಕ್ಕೆ ನೀರಿತ್ತು.)

ಹಾಗಾಗಿ ಬೆಂಗ್ರೆಯನ್ನು ಆರಿಸಿಕೊಂಡೆವು. ಘಟ್ಟ ಇಳಿದು ಬರುವ ನಮ್ಮ ಕರಾವಳಿಯ ನದಿಗಳಲ್ಲಿ ಹಲವು ನೆಟ್ಟಗೆ ಕಡಲು ಸೇರುವುದಿಲ್ಲ. ದಡದ ಹತ್ತಿರ ಬಂದು ಬದಿಗೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಸ್ವಲ್ಪ ದೂರ ಹರಿದು, ಅಳಿವೆಯಲ್ಲಿ ಬಾಗಿಲು ತೆರೆದುಕೊಳ್ಳುತ್ತವೆ. ಸುವರ್ಣಾ ಮತ್ತು ಸೀತಾ, ಶಾಂಭವಿ ಮತ್ತು ನಂದಿನಿ, ನೇತ್ರಾವತಿ ಮತ್ತು ಗುರುಪುರ ಹೀಗೆ ಜೋಡಿಯಾಗಿ ಅಳಿವೆ ಸೇರುತ್ತವೆ. ನದಿಗೂ ಕಡಲಿಗೂ ನಡುವೆ ಉಳಿಯುವ ಮರಳಿನ ನಾಲಿಗೆಗೆ ಅಲ್ಲಿನವರು ಬೆಂಗ್ರೆ ಎನ್ನುತ್ತಾರೆ, ಅದರ ತುದಿಗೆ ಕೋಡಿ. ಒಂದು ಕಡೆ ನೆಲಕ್ಕೆ ಅಂಟಿಕೊಂಡಿರುವುದರಿಂದ ಕಟ್ಟುನಿಟ್ಟಾಗಿ ಹೇಳಿದರೆ ಇದು ದ್ವೀಪವಲ್ಲ. ಆದರೆ ನಮಗೆ ಬೇಕಿದ್ದದ್ದು ಎರಡು ಮುಖದ ಆವಾಸ. ಬೆಂಗ್ರೆಯಲ್ಲಿ ಅದು ಕೆಲವು ನೂರು ಹೆಜ್ಜೆಗಳಲ್ಲಿ ಸಿಗುತ್ತದೆ: ಕಡಲು, ಒದ್ದೆ ಮರಳು, ಬಳ್ಳಿ ಹಬ್ಬಿದ ದಿಬ್ಬ, ಗಾಳಿ ಮರ, ತೆಂಗಿನ ತೋಟ ಮತ್ತು ಮನೆಗಳು, ಆಮೇಲೆ ಕೆಸರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಹಿನ್ನೀರು.

ಸಮಸ್ಯೆ

ಡಿಸೆಂಬರಿನ ಒಂದು ರಾತ್ರಿ ಹೊರಟೆವು. ಆಗುಂಬೆ ಘಾಟಿಯಲ್ಲಿ ದೊಡ್ಡ ಬಸ್ಸು ಇಳಿಯುವುದಿಲ್ಲವಾದ್ದರಿಂದ ಮಿನಿ ಬಸ್ಸು. ಶಿವಮೊಗ್ಗದವರೆಗೆ ಹಾಡು, ತೀರ್ಥಹಳ್ಳಿಯವರೆಗೆ ಮಂಡಕ್ಕಿ, ಘಾಟಿಯ ತಿರುವುಗಳಲ್ಲಿ ವಾಂತಿ. ಘಾಟಿ ಇಳಿದ ಮೇಲೆ, ಎಲ್ಲರೂ ಸ್ವಲ್ಪ ಚೇತರಿಸಿಕೊಂಡಾಗ, ನಾನು ಬಸ್ಸಿನೊಳಗೆ ಮುಂದೆ ನಿಂತು ದಿನದ ಕೆಲಸ ವಿವರಿಸಿದೆ. ನಾಲ್ಕು ತಂಡ. ಪ್ರತಿ ತಂಡಕ್ಕೂ ಒಂದು ಹಗ್ಗ, ಪಿ.ವಿ.ಸಿ. ಕೊಳವೆಯಲ್ಲಿ ಮಾಡಿದ ಒಂದು ಮೀಟರಿನ ಚೌಕ. ನೀರಂಚಿನಿಂದ ಹಗ್ಗ ಎಳೆದು, ಅದರ ಗುಂಟ ಚೌಕ ಇಡುತ್ತ, ಒಳಗಿರುವ ಗಿಡ ಮತ್ತು ಭೂತ ಏಡಿಯ ಬಿಲಗಳನ್ನು ಎಣಿಸಬೇಕು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ‘ನೀರಿಗೆ ಹತ್ತಿರ ಹೋದಷ್ಟೂ ಬಿಲಗಳು ಹೆಚ್ಚು ಸಿಗುತ್ತವೆ, ಮೇಲಕ್ಕೆ ಬಂದಷ್ಟೂ ಕಡಿಮೆಯಾಗುತ್ತವೆ. ನೋಡುತ್ತೀರಿ’ ಎಂದು ಮುಂದುವರಿಸಿದೆ. ಇಪ್ಪತ್ತು ವರ್ಷ ಪಾಠ ಮಾಡಿದವನ ಚಟ ಅದು: ಪ್ರಶ್ನೆಯ ಬೆನ್ನಿಗೇ ಉತ್ತರ.

ತಿಂಡಿ, ಸ್ನಾನ, ಫೋಟೊ ಎಲ್ಲ ಮುಗಿದು ಹಗ್ಗ ಬಿಚ್ಚುವಾಗ ಹತ್ತೂವರೆ. ಹಿಂದಿನ ದಿನ ಹುಣ್ಣಿಮೆ. ನೀರು ಏರುತ್ತಿತ್ತು. ನಾವು ‘ನೀರಂಚು’ ಎಂದು ಗೂಟ ಹೊಡೆದ ಜಾಗ ಅರ್ಧ ಗಂಟೆಯಲ್ಲಿ ನೀರೊಳಗಿತ್ತು. ಒಂದು ತಂಡ ಗೂಟ ಕಿತ್ತು ಮೇಲೆ ಹೊಡೆಯಿತು, ಇನ್ನೊಂದು ತಂಡ ಮೊಣಕಾಲು ನೀರಿನಲ್ಲಿ ಚೌಕ ಹಿಡಿದು ನಿಂತುಕೊಂಡಿತು. ಮೂರನೆಯ ತಂಡದವರು ಪ್ರವಾಸಿಗರ ಕಾರು ತಿರುಗಿಸುವ ಕಡೆ ಹಗ್ಗ ಹಾಕಿದ್ದರು, ಅಲ್ಲಿ ನೆಲ ಸಮತಟ್ಟಾಗಿದೆ ಎಂಬ ಕಾರಣಕ್ಕೆ.

ಮಧ್ಯಾಹ್ನ ಹಿನ್ನೀರಿನ ಕಡೆ ಹೋದಾಗ ನಡೆದದ್ದೇ ಆ 140 ಸಸಿಗಳ ಸಂಗತಿ. ಕೆಸರಿನಿಂದ ಪೆನ್ಸಿಲಿನಂತೆ ನೆಟ್ಟಗೆ ಎದ್ದು ನಿಂತಿದ್ದವು, ಗೇಣಿಗಿಂತ ಕಡಿಮೆ ಎತ್ತರ. ಸಂಜೆ ನೀರಿಳಿದ ಮೇಲೆ ಮೇಡಂ ಅದನ್ನು ಬರೆದ ಅಣಜಿ ಕಡೆಯ ಹುಡುಗನನ್ನು ಮತ್ತೆ ಅಲ್ಲಿಗೆ ಕರೆದುಕೊಂಡು ಹೋದರು. ‘ಒಂದನ್ನು ಹಿಡಿದು ಬುಡದ ಕೆಸರು ಸರಿಸು, ಕೀಳಬೇಡ’ ಎಂದರು. ಅವನು ಬೆರಳಿನಿಂದ ಸರಿಸುತ್ತ ಹೋದ. ಪೆನ್ಸಿಲಿನ ಕೆಳಗೆ ಅಡ್ಡಲಾಗಿ ಒಂದು ಬೇರು, ಅದರ ಮೇಲೆ ಸಾಲಾಗಿ ಇನ್ನಷ್ಟು ಪೆನ್ಸಿಲುಗಳು. ಬೇರನ್ನು ಹಿಡಿದು ಬಗ್ಗಿಕೊಂಡೇ ಎಂಟು ಹೆಜ್ಜೆ ನಡೆದು ಒಂದು ಮರದ ಬುಡಕ್ಕೆ ಹೋಗಿ ತಲೆ ಎತ್ತಿದ. ಅವಿಸೀನಿಯಾ, ಕಾಂಡ್ಲಾದ ಒಂದು ಜಾತಿ. ಕೆಸರಿನಲ್ಲಿ ಗಾಳಿಯಿಲ್ಲ, ಹಾಗಾಗಿ ಬೇರೇ ಮೇಲೆ ಬಂದು ಉಸಿರಾಡುತ್ತದೆ. ಅವನ ನೂರ ನಲವತ್ತು ಸಸಿಗಳೂ ಒಂದೇ ಮರದ ಮೂಗು. ಮೇಡಂ ಒಂದು ಎಲೆ ಕಿತ್ತು ನಾಲಿಗೆಗೆ ತಾಗಿಸಲು ಹೇಳಿದರು. ಉಪ್ಪು. ಎಲೆಯ ಮೇಲೆ ಬಿಳಿಯ ಹರಳಾಗಿ ಕಾಣುವಷ್ಟು ಉಪ್ಪನ್ನು ಈ ಮರ ಹೊರಗೆ ಹಾಕುತ್ತದೆ.

ಈ ತಪ್ಪಿನಿಂದ ನನಗೆ ಬೇಸರವಾಗಲಿಲ್ಲ. ಅವನು ಕಂಡದ್ದನ್ನೇ ಬರೆದಿದ್ದ, ‘ಎಲೆ ಇಲ್ಲ’ ಎಂಬುದನ್ನೂ ಸೇರಿಸಿ. ಆ ಎರಡು ಪದಗಳಿಂದಲೇ ತಪ್ಪು ಸಿಕ್ಕಿತು, ಸರಿಯೂ ಆಯಿತು.

ರಾತ್ರಿ ಓದಿದ ಪುಸ್ತಕ ಬೇರೆಯೇ ಜಾತಿಯದು. ಉಳಿದ ಮೂರು ಪುಸ್ತಕಗಳು ಒದ್ದೆಯಾಗಿ, ಮರಳು ಮೆತ್ತಿಕೊಂಡು, ಹಾಳೆಯ ಮೂಲೆ ಮಡಿಸಿಕೊಂಡಿದ್ದವು. ಒಂದರಲ್ಲಂತೂ ಶಾಯಿ ಹರಡಿ ಅಂಕಿಯೇ ಓದಲು ಬರುತ್ತಿರಲಿಲ್ಲ. ಇದು ಮಾತ್ರ ಅಂಗಡಿಯಿಂದ ಆಗಷ್ಟೇ ತಂದಂತಿತ್ತು. ನೀರಂಚಿನಿಂದ ಮೇಲಕ್ಕೆ ಏಳು ಚೌಕ, ಬಿಲಗಳ ಸಂಖ್ಯೆ ಒಪ್ಪವಾಗಿ: 28, 24, 20, 16, 12, 8, 4. ಮೊದಲು ಕಂಡಾಗ ನಿಜ ಹೇಳಬೇಕೆಂದರೆ ಖುಷಿಯಾಯಿತು, ನಾನು ಹೇಳಿದಂತೆಯೇ ಬಂದಿದೆಯಲ್ಲ ಎಂದು. ಪುಟ ತಿರುಗಿಸಿದ ಮೇಲೆ ಕೈ ತಾನೇ ಹಿಂದಕ್ಕೆ ಬಂತು. ನಾಲ್ಕರ ಮಗ್ಗಿ, ಕೆಳಗಿನಿಂದ ಮೇಲಕ್ಕೆ.

ಏನು ಮಾಡಿದೆವು

ತಂಡದ ಐವರನ್ನು ವಸತಿಗೃಹದ ಮೆಟ್ಟಿಲ ಮೇಲೆ ಕೂರಿಸಿಕೊಂಡೆ. ಯಾರೂ ತಲೆ ಎತ್ತಲಿಲ್ಲ. ‘ಎಣಿಸಿದಾಗ ಎಷ್ಟಿತ್ತು?’ ಎಂದು ಕೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಹೊನ್ನಾಳಿ ಕಡೆಯ ಹುಡುಗ ಹೇಳಿದ: ‘ನೀರಿನ ಹತ್ತಿರ ಒಂದೂ ಇರಲಿಲ್ಲ ಸರ್. ಮೇಲಿನ ಚೌಕಗಳಲ್ಲಿ ಎರಡು, ಮೂರು ಇದ್ದವು. ನಾವೇ ಎಲ್ಲೋ ತಪ್ಪಿದ್ದೇವೆ ಅಂದುಕೊಂಡೆವು. ನೀವು ಬಸ್ಸಿನಲ್ಲಿ ಹೇಳಿದ ಹಾಗೆ ಬರೆದೆವು.’

ಗದರಿಸಲು ಸಿದ್ಧಮಾಡಿಕೊಂಡಿದ್ದ ಮಾತುಗಳು ಅಲ್ಲೇ ಉಳಿದವು. ನೀರಿನ ಹತ್ತಿರ ಒಂದೂ ಇರಲಿಲ್ಲ ಎಂಬುದೇ ಆ ದಿನದ ಅತ್ಯಂತ ಬೆಲೆಯುಳ್ಳ ಮಾಹಿತಿಯಾಗಿತ್ತು. ಏರುತ್ತಿದ್ದ ನೀರು ಕೆಳಗಿನ ಬಿಲಗಳನ್ನೆಲ್ಲ ಅಳಿಸಿತ್ತು. ಬಿಸಿಲೇರಿದ್ದರಿಂದ ಮೇಲಿನ ಏಡಿಗಳು ಬಿಲದ ಬಾಯಿಗೆ ಮರಳಿನ ಬಿರಡೆ ಹಾಕಿಕೊಂಡು ಒಳಗೆ ಕುಳಿತಿದ್ದವು. ಅದನ್ನು ಕಂಡದ್ದು ಈ ತಂಡ, ಅಳಿಸಿದ್ದೂ ಈ ತಂಡವೇ, ಅಳಿಸುವಂತೆ ಮಾಡಿದವನು ನಾನು.

ಮೇಡಂಗೆ ನನ್ನಷ್ಟು ಮೆದು ಮನಸ್ಸಿರಲಿಲ್ಲ. ಆಂತರಿಕ ಅಂಕ ಕಡಿಯಬೇಕು, ಇಲ್ಲದಿದ್ದರೆ ಒದ್ದೆಯಾಗಿ ನಿಂತು ಎಣಿಸಿದ ಮೂರು ತಂಡಗಳಿಗೆ ಅನ್ಯಾಯ ಎಂದರು. ಅದೂ ಸರಿ. ಮೆಟ್ಟಿಲ ಮೇಲೆ ಹನ್ನೊಂದರವರೆಗೆ ನಮ್ಮ ವಾದ ನಡೆಯಿತು. ಕೊನೆಗೆ ಒಪ್ಪಿಕೊಂಡದ್ದು ಇಷ್ಟು: ನಾಲ್ಕೂ ತಂಡಗಳ ಮೊದಲ ದಿನದ ಬಿಲದ ಎಣಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಪುಸ್ತಕಗಳನ್ನು ಎಸೆಯುವುದಿಲ್ಲ, ಹಾಳೆ ಹರಿಯುವುದಿಲ್ಲ. ಆ ತಂಡ ಮಗ್ಗಿಯ ಸಾಲಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ನೆನಪಿರುವಷ್ಟು ನಿಜವಾದ ಅಂಕಿಯನ್ನೂ ‘ನೆನಪಿನಿಂದ ಬರೆದದ್ದು’ ಎಂದೂ ಬರೆಯಬೇಕು. ಅಂಕದ ಮಾತು ಆಮೇಲೆ. ಮರುದಿನದಿಂದ ಎಲ್ಲರಿಗೂ ಪೆನ್ಸಿಲು, ಏಕೆಂದರೆ ಉಪ್ಪುನೀರಿಗೆ ಶಾಯಿ ಓಡುತ್ತದೆ. ಪೆನ್ಸಿಲು ಕೊಟ್ಟರೆ ಅಳಿಸುವುದೂ ಸುಲಭವಲ್ಲವೇ! ಹಾಗಾಗಿ ರಬ್ಬರುಗಳನ್ನೆಲ್ಲ ಕಸಿದು ನನ್ನ ಊಟದ ಡಬ್ಬಿಗೆ ಹಾಕಿಕೊಂಡೆ.

ಸಮಯ ಮತ್ತು ಜಾಗದ ಪ್ರಶ್ನೆ ಉಳಿದಿತ್ತು. ಅದನ್ನು ಬಿಡಿಸಿದವರು ಒಬ್ಬ ಹೆಂಗಸು. ಅದೇ ಸಂಜೆ ಹಿನ್ನೀರು ಇಳಿದಾಗ ನಾಲ್ಕಾರು ಮಂದಿ ಸೊಂಟದ ನೀರಿನಲ್ಲಿ ನಿಂತು ಕಾಲಿನಿಂದ ತಡವಿ ಮರುವಾಯಿ ಹೆಕ್ಕುತ್ತಿದ್ದರು. ಮರುವಾಯಿ ಎಂದರೆ ಚಿಪ್ಪಿನೊಳಗಿನ ಆ ಮೃದ್ವಂಗಿ, ಅಲ್ಲಿ ಮನೆಮನೆಯ ಸಾರಿಗೆ ಬೀಳುವಂಥದ್ದು. ಅವರಲ್ಲಿ ಹಿರಿಯರೊಬ್ಬರು ನಮ್ಮ ಗೂಟಗಳನ್ನು ನೋಡಿ ನಕ್ಕಿದ್ದರು. ‘ಮಾಸ್ತರೇ, ನೀವು ಗೂಟ ಹೊಡೆದ ಮರಳು ಹೋದ ಮಳೆಗಾಲಕ್ಕೆ ಮುಂಚೆ ಇಲ್ಲಿ ಇರಲೇ ಇಲ್ಲ. ಮುಂದಿನ ಮಳೆಗಾಲಕ್ಕೆ ಇರುತ್ತದೆ ಎಂದು ನಾನಂತೂ ಹೇಳುವುದಿಲ್ಲ.’ ಬೆಳಗ್ಗೆ ಎಷ್ಟು ಹೊತ್ತಿಗೆ ಬಂದರೆ ಒಳ್ಳೆಯದಮ್ಮ ಎಂದು ಮೇಡಂ ಕೇಳಿದರು. ಅವರು ಗಡಿಯಾರದ ಮಾತೇ ಎತ್ತಲಿಲ್ಲ. ‘ನಿನ್ನೆ ಹುಣ್ಣಿಮೆ. ನೀರಿಗೆ ಈಗ ಜೋರು ಇದೆ, ಏರಿದರೂ ಹೆಚ್ಚು, ಇಳಿದರೂ ಹೆಚ್ಚು. ಬೆಳಕು ಹರಿಯುವಾಗ ಬನ್ನಿ, ಪೂರಾ ಇಳಿದಿರುತ್ತದೆ. ಅಷ್ಟಮಿಗೆ ಬಂದಿದ್ದರೆ ನೀರು ಸತ್ತ ಹಾಗಿರುತ್ತಿತ್ತು’ ಎಂದರು.

ನಾನು ಉಬ್ಬರವಿಳಿತದ ಪಾಠ ಮಾಡುತ್ತೇನೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ, ಅಮಾವಾಸ್ಯೆ ಮತ್ತು ಹುಣ್ಣಿಮೆಗೆ ಸೂರ್ಯ ಚಂದ್ರರ ಸೆಳೆತ ಕೂಡಿಕೊಳ್ಳುತ್ತದೆ. ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತೇನೆ. ಆದರೆ ಪ್ರವಾಸದ ದಿನ ಗೊತ್ತುಮಾಡುವಾಗ ನೋಡಿದ್ದು ಬಸ್ಸು ಯಾವಾಗ ಸಿಗುತ್ತದೆ ಎಂಬುದನ್ನು. ಮನೆಯ ಕ್ಯಾಲೆಂಡರಿನಲ್ಲಿ ತಿಥಿ ಕೆಂಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅದಕ್ಕೂ ನನ್ನ ಪಾಠಕ್ಕೂ ಸಂಬಂಧವಿದೆ ಎಂದು ತಲೆಗೆ ಹೊಳೆದಿರಲಿಲ್ಲ.

ಎರಡನೆಯ ದಿನ

ಐದೂವರೆಗೆ ಎದ್ದೆವು. ನಾಲ್ಕು ಹಗ್ಗದ ಗೆರೆಗಳ ಬದಲು ಒಂದೇ ಗೆರೆ, ಕಾರುಗಳಿಂದ ದೂರ. ಗೆರೆಯ ಆರಂಭವನ್ನು ನೀರಂಚಿಗೆ ಕಟ್ಟಲಿಲ್ಲ, ನೀರಂಚು ನಿಲ್ಲುವುದಿಲ್ಲ. ತೋಟದ ಅಂಚಿನ ಒಂದು ತೆಂಗಿನ ಮರದಿಂದ ಕಡಲಿನ ಕಡೆಗೆ ಅಳೆಯುತ್ತ ಬಂದೆವು. ಮರವೊಂದನ್ನೇ ನಂಬಬಾರದೆಂದು ಜಗಳೂರು ಕಡೆಯ ಹುಡುಗಿ ಹೇಳಿದಳು. ಆದ್ದರಿಂದ ಅದರ ಹಿಂದಿನ ಬಾವಿಕಟ್ಟೆಯ ಮೂಲೆಯಿಂದ ಮರಕ್ಕೆ ಎಷ್ಟು ದೂರ ಎಂಬುದನ್ನೂ ಬರೆದುಕೊಂಡೆವು.

ಇಪ್ಪತ್ತು ನಿಮಿಷ ಯಾರೂ ಎಣಿಸಕೂಡದು, ಕುಳಿತು ನೋಡಬೇಕು ಎಂದು ಹೇಳಿದೆ. ಮೊದಲ ಐದು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಬಿಲದ ಬಾಯಲ್ಲಿ ಎರಡು ಕಣ್ಣು. ಕಡ್ಡಿಯ ತುದಿಗೆ ಸಿಕ್ಕಿಸಿದಂಥ ಕಣ್ಣು, ಅದರ ಮೇಲೆ ಇನ್ನೂ ಒಂದು ಚೂಪಾದ ಕೊಂಬು. ಏಡಿ ಅರ್ಧ ಹೊರಗೆ ಬಂದಿತು, ನಿಂತಿತು. ಒಳಗೆ ಹೋಗಿ ಒಂದು ಬದಿಯ ಕಾಲುಗಳಲ್ಲಿ ಒದ್ದೆ ಮರಳಿನ ಮುದ್ದೆ ತಬ್ಬಿಕೊಂಡು ಬಂದು ದೂರಕ್ಕೆ ಎಸೆಯಿತು. ಬೆಳಗಿನ ಬೂದು ಬೆಳಕಿನಲ್ಲಿ ಮರಳಿಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. ಓಡಿದಾಗ ಮಾತ್ರ ಕಾಣುತ್ತಿತ್ತು, ನಿಂತರೆ ಮಾಯ. ಭೂತ ಎಂಬ ಹೆಸರು ಏಕೆಂದು ಮತ್ತೆ ಯಾರೂ ಕೇಳಲಿಲ್ಲ.

ರಾತ್ರಿಯ ಉಬ್ಬರ ತಂದು ಬಿಟ್ಟ ಕಸ ಒಂದು ಗೆರೆಯಾಗಿ ಬಿದ್ದಿತ್ತು: ಚಿಪ್ಪು, ಬಲೆಯ ತುಂಡು, ತೆಂಗಿನ ಸಿಪ್ಪೆ, ಚಪ್ಪಲಿ. ಆ ಕಸದ ಗೆರೆಯ ಕೆಳಗಿನ ಒದ್ದೆ ಮರಳಿನಲ್ಲಿ ಹೆಬ್ಬೆರಳೂ ಹಿಡಿಸದಷ್ಟು ಚಿಕ್ಕ ಬಿಲಗಳು ದಟ್ಟವಾಗಿದ್ದವು, ಎಲ್ಲವೂ ಆ ರಾತ್ರಿ ನೀರಿಳಿದ ಮೇಲೆ ತೋಡಿದವು. ಕಸದ ಗೆರೆಯಿಂದ ಮೇಲಕ್ಕೆ, ದಿಬ್ಬದ ಮೇಲೆ ಹಬ್ಬಿದ ಅಡುಂಬು ಬಳ್ಳಿಯವರೆಗೆ, ಬಿಲಗಳು ವಿರಳ, ಆದರೆ ಮುಷ್ಟಿ ತೂರುವಷ್ಟು ದೊಡ್ಡವು. ಅಂದರೆ ಬಸ್ಸಿನಲ್ಲಿ ನಾನು ಹೇಳಿದ್ದು ಪೂರಾ ಸುಳ್ಳಾಗಿರಲಿಲ್ಲ. ದಿನದ ಒಂದು ಹೊತ್ತಿಗೆ ಮಾತ್ರ ನಿಜವಾಗುವ ಮಾತನ್ನು ಇನ್ನೊಂದು ಹೊತ್ತಿನಲ್ಲಿ ನೋಡಲು ಕಳಿಸಿದ್ದೆ. ಅರ್ಧ ನಿಜ ಪೂರ್ತಿ ಸುಳ್ಳಿಗಿಂತ ಹೆಚ್ಚು ತೊಂದರೆ ಕೊಡುತ್ತದೆ.

ಎಣಿಸುವಾಗ ಇನ್ನೊಂದು ಜಗಳ ಎದ್ದಿತು. ಒಂದು ಏಡಿ ಒಂದು ಬಾಯಲ್ಲಿ ಇಳಿದು ಪಕ್ಕದ ಇನ್ನೊಂದು ಬಾಯಲ್ಲಿ ಎದ್ದಿತು. ಇದು ಒಂದೋ ಎರಡೋ? ಕೆಲವು ಬಿಲಗಳ ಸುತ್ತ ಹೊಸ ಮರಳಿಲ್ಲ, ಹೆಜ್ಜೆಯಿಲ್ಲ, ಅವು ಖಾಲಿಯೋ? ಮಗ್ಗಿ ಬರೆದ ತಂಡದ ಹುಡುಗನೇ ಪರಿಹಾರ ಸೂಚಿಸಿದ. ಹಾಳೆಯ ಮೇಲಿದ್ದ ‘ಏಡಿಗಳು’ ಎಂಬ ಅಂಕಣದ ಹೆಸರನ್ನು ಹೊಡೆದು ‘ಬಿಲದ ಬಾಯಿಗಳು’ ಎಂದು ಬರೆದ. ನಮಗೆ ಕಾಣುವುದು ಬಾಯಿ ಮಾತ್ರ ಸರ್, ಏಡಿಯಲ್ಲ ಎಂದ. ನಾನು ಅಂಕದ ಬಗ್ಗೆ ತೀರ್ಮಾನ ಮಾಡಿಕೊಂಡದ್ದು ಆ ಗಳಿಗೆಯಲ್ಲಿ; ಮೇಡಂಗೆ ಹೇಳಿದ್ದು ಊರಿಗೆ ಬಂದ ಮೇಲೆ.

ಗಿಡಗಳ ಕಡೆಯೂ ಒಂದು ಅವಘಡವಾಯಿತು. ಗಿಡ ಒಣಗಿಸಿ ಅಂಟಿಸುವ ಹರ್ಬೇರಿಯಂ ಹಾಳೆಗೆಂದು ಹರಿಹರದ ಹುಡುಗನೊಬ್ಬ ಅಡುಂಬು ಬಳ್ಳಿಯ ತುದಿ ಹಿಡಿದು ಎಳೆದ. ಮೇಕೆಯ ಗೊರಸಿನಂತೆ ಸೀಳಿದ ಎಲೆ, ನೇರಳೆ ಹೂವು. ಒಂದು ಗೇಣು ಸಾಕಿತ್ತು. ಆದರೆ ಬಳ್ಳಿ ಗಿಣ್ಣು ಗಿಣ್ಣಿಗೂ ಬೇರು ಬಿಟ್ಟಿರುತ್ತದೆ. ಅವನು ಎಳೆದಂತೆ ಪಟಪಟನೆ ಬೇರುಗಳು ಕಿತ್ತು, ಎರಡು ಆಳುದ್ದದ ಬಳ್ಳಿ ಕೈಗೆ ಬಂತು, ಅದರ ಹಿಂದೆಯೇ ದಿಬ್ಬದ ಮರಳು ಜರ್ರೆಂದು ಇಳಿಯಿತು. ಅಲ್ಲೇ ಬಲೆ ಒಣಗಿಸುತ್ತಿದ್ದವರೊಬ್ಬರು ಬಂದು, ಇದನ್ನು ಹೀಗೆ ಕಿತ್ತರೆ ನಾಳೆ ನಮ್ಮ ಅಂಗಳ ಹೋಗುತ್ತದೆ ಮಾರಾಯರೇ ಎಂದರು, ಜೋರು ಮಾಡದೆಯೇ. ಹುಡುಗ ಮರಳು ಒಟ್ಟಿ ಬಳ್ಳಿಯನ್ನು ಮತ್ತೆ ಹೂಳಲು ನೋಡಿದ. ಅಂದಿನಿಂದ ಏನನ್ನೂ ಕೀಳುವುದಿಲ್ಲ, ಫೋಟೊ ಮತ್ತು ಚಿತ್ರ ಮಾತ್ರ ಎಂದು ತೀರ್ಮಾನಿಸಿದೆವು. ಬದುಕಿರುವ ಚಿಪ್ಪನ್ನು ಜೇಬಿಗಿಳಿಸುವುದಕ್ಕೂ ಅದೇ ನಿಯಮ.

ಇಡೀ ಪ್ರವಾಸದಲ್ಲಿ ನಾನು ನಿರೀಕ್ಷಿಸದೇ ಇದ್ದ ಪ್ರಶ್ನೆ ಬಂದದ್ದು ಆ ಜಗಳೂರಿನ ಹುಡುಗಿಯಿಂದ. ದಿಬ್ಬದ ಹಿಂದೆ ಒಂದು ಎಕ್ಕದ ಗಿಡ ನಿಂತಿತ್ತು. ‘ಇದು ನಮ್ಮ ಹೊಲದ ಬದುವಿನಲ್ಲಿದೆ ಸರ್. ಇಲ್ಲಿ ಇಷ್ಟು ಮಳೆ, ಸುತ್ತ ನೀರು. ಬರದ ಗಿಡಕ್ಕೆ ಇಲ್ಲೇನು ಕೆಲಸ?’ ಉತ್ತರ ಬಾಯಿಗೆ ಬಂದಿತ್ತು, ಈ ಸಲ ನುಂಗಿಕೊಂಡೆ. ಮಧ್ಯಾಹ್ನದೊಳಗೆ ಅವಳೇ ಒಂದು ಪಟ್ಟಿ ಮಾಡಿದಳು: ಎಕ್ಕದ ದಪ್ಪ ಎಲೆ, ಅದರ ಮೇಲಿನ ಮೇಣ, ಅಡುಂಬಿನ ರಸಭರಿತ ಎಲೆ, ಸ್ಪೈನಿಫೆಕ್ಸ್ ಎಂಬ ಮುಳ್ಳುಹುಲ್ಲಿನ ಸುರುಳಿ ಎಲೆ. ಎಲ್ಲವೂ ನೀರು ಉಳಿಸುವ ಉಪಾಯ. ಮರಳು ಮಳೆಯ ನೀರನ್ನು ಹಿಡಿದಿಡುವುದಿಲ್ಲ, ಕಡಲಿನ ಗಾಳಿ ಎಲೆಗೆ ಉಪ್ಪು ಸಿಂಪಡಿಸುತ್ತದೆ, ಉಪ್ಪು ಬೆರೆತ ನೀರನ್ನು ಬೇರು ಸುಲಭವಾಗಿ ಎಳೆದುಕೊಳ್ಳಲಾರದು. ನೀರಿನ ನಡುವೆ ನಿಂತ ಗಿಡಕ್ಕೂ ಬರ. ‘ಇದು ನೀರಿರುವ ಜಗಳೂರು’ ಎಂದು ಅವಳು ಪುಸ್ತಕದಲ್ಲಿ ಬರೆದದ್ದನ್ನು ಮೇಡಂ ಎಲ್ಲರಿಗೂ ಓದಿ ಹೇಳಿದರು. ಕರಾವಳಿಯ ಕಾಲೇಜಿನ ಮಕ್ಕಳಿಗೆ ಈ ಪ್ರಶ್ನೆ ಬರುತ್ತಿತ್ತೋ ಇಲ್ಲವೋ, ನನಗೆ ಅನುಮಾನ.

ಆಮೇಲೆ ಆದದ್ದು

ಊರಿಗೆ ಮರಳಿದ ಮೇಲೆ ಎರಡು ಭಾನುವಾರ ಕೊಂಡಜ್ಜಿ ಕೆರೆಯ ದಂಡೆಯಲ್ಲಿ ಹಗ್ಗ ಹಾಕಿ ಅಭ್ಯಾಸ ಮಾಡಿದೆವು. ಕೆರೆಗೆ ಉಬ್ಬರವಿಲ್ಲ, ಆದರೆ ನೀರು ಹಿಂದೆ ಸರಿದಂತೆ ಗಿಡಗಳ ಪಟ್ಟೆ ಹೇಗೆ ಬದಲಾಗುತ್ತದೆ ಎಂಬುದನ್ನು ಅಲ್ಲಿಯೂ ನೋಡಬಹುದು, ಬಸ್ಸಿನ ಖರ್ಚೂ ಉಳಿಯುತ್ತದೆ. ಈ ಅಭ್ಯಾಸವನ್ನು ಮೊದಲೇ ಮಾಡಿಸಬೇಕಿತ್ತು.

ಫೆಬ್ರುವರಿಯಲ್ಲಿ ಎರಡನೆಯ ಸಲ ಹೋಗಲು ಅನುಮತಿ ಕೇಳಿದಾಗ ಪ್ರಾಂಶುಪಾಲರು ಭಾನುವಾರ ಹೋಗಿಬನ್ನಿ ಎಂದರು. ನಾನು ಹುಣ್ಣಿಮೆಯ ಮರುದಿನವೇ ಆಗಬೇಕು ಎಂದೆ. ವ್ರತವೇನಾದರೂ ಇದೆಯೇ ಎಂದು ಕೇಳಿದರು. ಅದೇ ತಿಥಿಗೆ ಹೋದರೆ ನೀರು ಇಳಿಯುವ ಹೊತ್ತು ಹೆಚ್ಚುಕಡಿಮೆ ಅದೇ ಇರುತ್ತದೆ, ಎರಡು ಎಣಿಕೆಗಳನ್ನು ಹೋಲಿಸಬಹುದು ಎಂದು ವಿವರಿಸಲು ಹತ್ತು ನಿಮಿಷ ಹಿಡಿಯಿತು. ವಾರದ ನಡುವೆ ರಜೆ ಸಿಕ್ಕಿತು. ಈ ಸಲ ಎಂಟೇ ಮಂದಿ, ಸ್ವಂತ ಖರ್ಚಿನಲ್ಲಿ. ಕಾರು ಓಡಾಡುವ ಭಾಗದಲ್ಲಿ ಒಂದು ಗೆರೆ ಹೆಚ್ಚುವರಿಯಾಗಿ ಹಾಕಿದೆವು. ಅಲ್ಲಿ ಬಾಯಿಗಳು ಕಡಿಮೆ ಕಂಡವು. ಎರಡೇ ಗೆರೆ, ಎರಡೇ ಬೆಳಗು. ಇಷ್ಟರಿಂದ ಕಾರಿನದೇ ತಪ್ಪು ಎಂದು ಬರೆಯಬೇಡಿ ಎಂದು ನಾನು ಹೇಳುವ ಮೊದಲೇ ಅವರು ‘ಇನ್ನಷ್ಟು ನೋಡಬೇಕು’ ಎಂದು ಬರೆದಿದ್ದರು.

ವರದಿಯಲ್ಲಿ ಮೊದಲ ದಿನದ ಎಣಿಕೆಯನ್ನು ಬಿಟ್ಟದ್ದು ಏಕೆ ಎಂಬುದಕ್ಕೆ ಒಂದು ಪುಟ ಮೀಸಲಿತ್ತು. ಮಗ್ಗಿಯ ಸಂಗತಿಯನ್ನು ಸೇರಿಸಬೇಕೆಂದು ನಾವು ಹೇಳಿರಲಿಲ್ಲ, ತಂಡವೇ ಸೇರಿಸಿತು. ಅವರ ಅಂಕ ಕಡಿಯಲಿಲ್ಲ, ಆದರೆ ಆ ದಿನದ ಕೆಲಸಕ್ಕೆ ಅಂಕ ಕೊಡಲೂ ಇಲ್ಲ. ಮೇಡಂ ಮತ್ತು ನಾನು ಅಲ್ಲಿಗೆ ರಾಜಿಯಾದೆವು. ಮೌಲ್ಯಮಾಪನಕ್ಕೆ ಬಂದವರು ವರದಿಯನ್ನು ತಿರುವಿ, ಮಾಹಿತಿ ಕಡಿಮೆಯಾಯಿತು ಎಂದು ಎಲ್ಲರಿಗೂ ಎರಡು ಅಂಕ ಇಳಿಸಿ ಹೋದರು. ಹಿಂದಿನ ವರ್ಷದ ತಂಡ 40 ಚೌಕಗಳ ಕೋಷ್ಟಕ ಕೊಟ್ಟು ಪೂರ್ಣ ಅಂಕ ಪಡೆದಿತ್ತು. ಆ ಹಳೆಯ ಕೋಷ್ಟಕವನ್ನು ಒಂದು ಸಂಜೆ ಬೀರುವಿನಿಂದ ತೆಗೆದು ನೋಡಿದೆ. ಅಂಕಿಗಳು ಒಪ್ಪವಾಗಿ ಇಳಿಯುತ್ತ ಹೋಗುತ್ತವೆ. ಅವರಿಗೂ ಬಸ್ಸಿನಲ್ಲಿ ಉತ್ತರ ಹೇಳಿದವನು ನಾನೇ.

ಇಂಥ ಪ್ರವಾಸ ಹೊರಡುವ ಸಹೋದ್ಯೋಗಿಗಳು ಕೇಳಿದಾಗ ಈಗ ಮೂರು ವಿಷಯ ಹೇಳುತ್ತೇನೆ. ದಿನವನ್ನು ಬಸ್ಸಿನವರನ್ನು ಕೇಳುವ ಮೊದಲು ಕ್ಯಾಲೆಂಡರಿನ ತಿಥಿ ನೋಡಿ ಗೊತ್ತುಮಾಡಿ. ಗೆರೆ ಕಡಿಮೆ ಹಾಕಿ, ಅದೇ ಗೆರೆಗೆ ಮತ್ತೆ ಹೋಗಿ. ಮತ್ತು ಏನು ಸಿಗುತ್ತದೆ ಎಂದು ಮಕ್ಕಳು ಕೇಳಿದರೆ, ಗೊತ್ತಿದ್ದರೂ ಬಾಯಿ ಬಿಡಬೇಡಿ. ಮೂರನೆಯದು ಬಹಳ ಕಷ್ಟ, ನನ್ನಿಂದ ಈಗಲೂ ಪೂರ್ತಿ ಆಗಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಹೊಸ ತಂಡವನ್ನು ಕರೆದುಕೊಂಡು ಹೋಗಲು ನನಗೆ ಆಗಲಿಲ್ಲ, ಮೇಡಂ ಒಬ್ಬರೇ ಹೋದರು. ಜಗಳೂರಿನ ಹುಡುಗಿಯ ಓದು ಮುಗಿದಿತ್ತು, ಆದರೂ ಹಗ್ಗ ಹಿಡಿಯಲು ತಾನೂ ಬರುತ್ತೇನೆಂದು ಜೊತೆಗೆ ಹೋದಳು. ಹುಣ್ಣಿಮೆಯ ಮರುದಿನ, ಬೆಳಗ್ಗೆ ಆರೂಕಾಲಕ್ಕೆ ನನ್ನ ಮೊಬೈಲಿಗೆ ಪುಸ್ತಕದ ಪುಟದ ಒಂದು ಫೋಟೊ ಬಂತು. ಪೆನ್ಸಿಲಿನಲ್ಲಿ ಬರೆದದ್ದು, ಮೂಲೆಯಲ್ಲಿ ಮರಳಿನ ಕಲೆ: ‘ತೆಂಗಿನ ಮರ ಇಲ್ಲ. ಮರ ಇದ್ದ ಜಾಗವೂ ಇಲ್ಲ. ಬಾವಿಕಟ್ಟೆಯಿಂದ ಅಳೆಯುತ್ತಿದ್ದೇವೆ.’